ಎಂಟು ವಾರದ ಡಬ್ಬಿ

ಚನ್ನರಾಯನದುರ್ಗದ ಬೆಟ್ಟದ ಬುಡದಲ್ಲಿ, ಊರು ದಾಟಿದ ಮೇಲೆ ಹುಣಸೆ ತೋಪಿನ ಪಕ್ಕ, ಕೆಂಪು ಹೆಂಚಿನ ಒಂದು ಮನೆ ಇದೆ. ಅದು ಯಾರ ಮನೆ ಎಂದು ಊರಿನಲ್ಲಿ ಕೇಳಿದರೆ ‘ಬೊಮ್ಮಕ್ಕನ್ನ ಕೇಳಿ’ ಎನ್ನುತ್ತಾರೆ. ಬೊಮ್ಮಕ್ಕನನ್ನು ಕೇಳಿದರೆ ‘ಇವತ್ತು ಯಾವ ತಾರೀಕು?’ ಎಂದು ಅವಳೇ ತಿರುಗಿ ಕೇಳುತ್ತಿದ್ದಳು. ತಮಾಷೆಗಲ್ಲ. ತಾರೀಕು ಗೊತ್ತಿಲ್ಲದೆ ಆ ಮನೆ ಯಾರದ್ದು ಎಂದು ಹೇಳುವುದಕ್ಕೆ ನಿಜಕ್ಕೂ ಆಗುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಬೆಂಗಳೂರಿನ ಒಂದು ಕಂಪನಿ ಆ ಮನೆ ಕಟ್ಟಿಸಿ, ಎಂಟು ಪಾಲು ಮಾಡಿ, ಎಂಟು ಸಂಸಾರಗಳಿಗೆ ಮಾರಿತು. ಎಂಟೂ ಜನಕ್ಕೆ ಇರುವುದಕ್ಕೆ ಬೇರೆ ಮನೆ ಇದ್ದೇ ಇದೆ. ಇದು ಹೋಗಿ ಬರುವುದಕ್ಕೆ ಇಟ್ಟುಕೊಂಡ ಎರಡನೆಯದು. ಒಬ್ಬೊಬ್ಬರಿಗೆ ಒಂದು ವಾರ. ಎಂಟು ವಾರಕ್ಕೆ ಸುತ್ತು ಮುಗಿದು ಮತ್ತೆ ಮೊದಲಿನವರು. ಯಾವ ವಾರ ಯಾರದ್ದು ಎಂದು ಫೋನಿನಲ್ಲಿರುವ ಆ್ಯಪ್ ಹೇಳುತ್ತದೆ. ಬಾಗಿಲಿಗೆ ಬೀಗದ ಕೈ ಇಲ್ಲ, ಆರು ಅಂಕಿ ಒತ್ತಬೇಕು. ನಿಮ್ಮ ವಾರ ಮುಗಿಯಿತೋ, ನಿಮ್ಮ ಅಂಕಿಗೆ ಬಾಗಿಲು ತೆರೆಯುವುದಿಲ್ಲ.

ಕಂಪನಿಯ ಮೇಲ್ವಿಚಾರಕ ಓಬಳರಾಜು ಪಾವಗಡದವನು, ಕನ್ನಡದ ನಡುವೆ ತೆಲುಗು ಬೆರೆಸುವವನು. ಬೈಕಿನಲ್ಲಿ ಬಂದು ಬೊಮ್ಮಕ್ಕನನ್ನು ಮನೆ ನೋಡಿಕೊಳ್ಳುವ ಕೆಲಸಕ್ಕೆ ಸೇರಿಸಿಕೊಂಡ ದಿನವೇ ಅವಳು ಅವನ ತಲೆ ತಿಂದಿದ್ದಳು.

“ಎಂಟು ಜನವೂ ಅಣ್ಣತಮ್ಮಂದಿರೇನಪ್ಪ?”

“ಕಾದಕ್ಕ, ಅಲ್ಲ. ಒಬ್ಬರಿಗೊಬ್ಬರು ಏನೂ ಆಗಬೇಕಾಗಿಲ್ಲ.”

“ಏನೂ ಆಗಬೇಕಾಗಿಲ್ದೋರು ಒಂದೇ ಮನೇನ ಹೆಂಗೆ ತಗಂಡ್ರು?”

“ಫೋನಾಗೆ.”

“ಒಬ್ಬರ ಮುಖ ಒಬ್ಬರು ನೋಡಿಲ್ವಾ?”

“ನೋಡಬೇಕಾಗಿಲ್ಲ. ಅದಕ್ಕೇ ಅಲ್ವೇನಕ್ಕ ಆ್ಯಪ್ ಇರೋದು.”

ಬೊಮ್ಮಕ್ಕ ಅಂದು ಮನೆಗೆ ಹೋಗಿ, ಕುರಿ ಕಾಯುವ ಗಂಡ ಅಡವಯ್ಯನಿಗೆ ಇದನ್ನು ಹೇಳಿದಳು. ಊರಿನಲ್ಲಿ ಅಣ್ಣತಮ್ಮಂದಿರು ಭಾಗವಾದರೆ ನಡುಮನೆಗೆ ಅಡ್ಡಗೋಡೆ ಹಾಕುತ್ತಾರೆ. ಇವರು ಗೋಡೆ ಹಾಕುವ ಬದಲು ವಾರ ಹಾಕಿಕೊಂಡಿದ್ದಾರೆ. ಅಡವಯ್ಯ ಬೀಡಿ ಕೆಳಗಿಟ್ಟು, “ಜಗಳ ಇಲ್ಲ ಬುಡು” ಎಂದ. ಅವನ ಮಾತು ಅಷ್ಟೇ. ಬೊಮ್ಮಕ್ಕನಿಗೆ ಮಾತ್ರ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ಬೇರೆಯವರ ಮನೆಯ ವಿಷಯ ತಿಳಿಯದಿದ್ದರೆ ಉಂಡ ಅನ್ನ ಕರಗದ ಹೆಂಗಸು ಅವಳು. ಇದನ್ನು ಅವಳ ಮುಖಕ್ಕೇ ಹೇಳಿದರೂ ಬೇಜಾರು ಮಾಡಿಕೊಳ್ಳುವವಳಲ್ಲ.

ಈ ಕೆಲಸಕ್ಕೆ ಮೊದಲು ಹನ್ನೊಂದು ವರ್ಷ ಅವಳು ಬೆಳಿಗ್ಗೆ ಐದೂವರೆಯ ವ್ಯಾನು ಹತ್ತಿ ಗಾರ್ಮೆಂಟ್ಸಿಗೆ ಹೋದವಳು. ಅಲ್ಲಿ ದಿನವಿಡೀ ಅಂಗಿಯ ಕಾಲರು ಮಾತ್ರ ಹೊಲಿಯುತ್ತಿದ್ದಳು. ಅದನ್ನು ಯಾರು ಹಾಕಿಕೊಳ್ಳುತ್ತಾರೆ, ಯಾವ ದೇಶಕ್ಕೆ ಹೋಗುತ್ತದೆ ಎಂದು ಕೇಳಿದರೆ ಲೈನಿನ ಸೂಪರ್‌ವೈಸರ್ ರೇಗುತ್ತಿದ್ದ. ಕೊನೆಗೆ ಸೊಂಟ ಹಿಡಿದುಕೊಂಡು ಆ ಕೆಲಸ ಬಿಟ್ಟಳು. ಬೆಟ್ಟದ ಬುಡದ ಮನೆ ಸಿಕ್ಕಿದ್ದು ಆಗ. ನಡೆದು ಹೋಗಿ ನಡೆದು ಬರುವಷ್ಟು ಹತ್ತಿರ, ಮೇಲೆ ನೋಡುವುದಕ್ಕೆ ಎಂಟು ಸಂಸಾರ. ತನ್ನ ಐವತ್ತೆರಡು ವರ್ಷದಲ್ಲಿ ಬೆಳಿಗ್ಗೆ ಎದ್ದು ಹೋಗಬೇಕು ಅನ್ನಿಸಿದ ಕೆಲಸ ಅದೊಂದೇ ಎಂದು ಅವಳು ಬಾಯಿಬಿಟ್ಟು ಹೇಳುತ್ತಿದ್ದಳು.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಒಂದು ಸಂಸಾರ ಹೊರಡಬೇಕು, ಮಧ್ಯಾಹ್ನ ಹನ್ನೆರಡಕ್ಕೆ ಇನ್ನೊಂದು ಬರುತ್ತದೆ. ನಡುವಿನ ಎರಡು ಗಂಟೆ ಬೊಮ್ಮಕ್ಕನದು. ಗುಡಿಸಿ, ಒರೆಸಿ, ಹಾಸಿಗೆಯ ಬಟ್ಟೆ ಬದಲಿಸಿ, ಕಂಪನಿ ಕೊಟ್ಟ ಫೋನಿನಲ್ಲಿ ಇಪ್ಪತ್ತೆರಡು ಫೋಟೋ ತೆಗೆದು ಕಳಿಸಬೇಕು. ಮನೆ ಹೊಸದಾಗಿದ್ದಾಗ ತೆಗೆದ ಇಪ್ಪತ್ತೆರಡು ಫೋಟೋ ಕಂಪನಿಯಲ್ಲಿವೆ. ಇವು ಅವಕ್ಕೆ ತಾಳೆಯಾಗಬೇಕು. ಒಮ್ಮೆ ಬಾಗಿಲ ಮುಂದಿನ ಫೋಟೋದಲ್ಲಿ ಅವಳ ಹವಾಯಿ ಚಪ್ಪಲಿ ಬಂದುಬಿಟ್ಟು ಫೋಟೋ ವಾಪಸ್ಸು ಬಂತು. ಅಂದಿನಿಂದ ಅವಳು ಹಿತ್ತಲ ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಚಪ್ಪಲಿ ಬಿಟ್ಟು ಹಿಂಬಾಗಿಲಿಂದಲೇ ಒಳಗೆ ಹೋಗುತ್ತಿದ್ದಳು.

ನಡುಮನೆಯ ಗೋಡೆಯಲ್ಲಿ ಟಿವಿಯಂಥ ಒಂದು ಫೋಟೋ ಚೌಕಟ್ಟು. ಅದೇ ಅವಳಿಗೆ ಆ ಮನೆಯ ದೊಡ್ಡ ಅಚ್ಚರಿ. ಭಾನುವಾರ ಹನ್ನೆರಡು ಹೊಡೆಯುತ್ತಿದ್ದಂತೆ ಅದರಲ್ಲಿರುವ ಮನುಷ್ಯರು ಬದಲಾಗುತ್ತಿದ್ದರು. ಹೋದ ವಾರದವರ ಮದುವೆ, ಮಕ್ಕಳು, ಮೊಮ್ಮಕ್ಕಳು ಎಲ್ಲ ಅಳಿಸಿಹೋಗಿ ಈ ವಾರದವರ ಮದುವೆ, ಮಕ್ಕಳು ಬಂದು ಕೂರುತ್ತಿದ್ದರು. ಬಂದವರು ಬಾಗಿಲು ತೆರೆದರೆ ಗೋಡೆಯಲ್ಲಿ ತಮ್ಮದೇ ಮುಖ. ಮನೆ ಪೂರ್ತಿ ತಮ್ಮೊಬ್ಬರದೇ ಅನ್ನಿಸಬೇಕು. ಹಾಗೆ ಅನ್ನಿಸುತ್ತಲೂ ಇತ್ತು. ಅನ್ನಿಸದೆ ಇದ್ದವಳು ಬೊಮ್ಮಕ್ಕ ಒಬ್ಬಳೇ, ಅವಳು ಎಂಟೂ ಮುಖ ಕಂಡಿದ್ದಳು.

ಎಂಟನೆಯ ಸಂಸಾರದವರು ಮನೆ ಕೊಂಡ ಮೇಲೆ ಒಂದು ಸಲವೂ ಬಂದಿರಲಿಲ್ಲ. ಆದರೂ ಅವರ ವಾರದಲ್ಲಿ ಫೋಟೋಗಳು ಬಂದು, ಏಳು ದಿನ ಖಾಲಿ ಮನೆಗೆ ನಗೆ ತೋರಿಸಿ ಹೋಗುತ್ತಿದ್ದವು. ಬೊಮ್ಮಕ್ಕ ಕಸ ಗುಡಿಸುತ್ತ, “ಈ ಸಲಾನೂ ಬರ್ನಿಲ್ವಲ್ಲಮ್ಮ” ಎಂದು ಆ ಹೆಂಗಸಿನ ಫೋಟೋವನ್ನು ಮಾತಾಡಿಸುತ್ತಿದ್ದಳು. ಮನೆ ಕೊಂಡು ಮನೆಗೆ ಬರದ ಜನ ಇನ್ನೇನು ಮಾಡುತ್ತಿರುತ್ತಾರೆ ಎಂದು ಅವಳಿಗೆ ಯೋಚನೆ ಹತ್ತುತ್ತಿತ್ತು.

ಒಬ್ಬ ಯಜಮಾನರ ವಿಷಯ ಇನ್ನೊಬ್ಬರಿಗೆ ಹೇಳಕೂಡದು ಎಂಬುದು ಕಂಪನಿಯ ಮೊದಲ ನಿಯಮ. ಹೇಳದೆ ಇರುವುದು ಬೊಮ್ಮಕ್ಕನಿಗೆ ಎಷ್ಟು ಕಷ್ಟವಾಯಿತು ಎಂಬುದನ್ನು ನೀವೇ ಲೆಕ್ಕ ಹಾಕಿ. ಆದರೂ ಅವಳು ಬಾಯಿ ಬಿಗಿಹಿಡಿದಿದ್ದಳು. ಬಾಯಿ ಬಿಗಿಹಿಡಿದವಳ ಕೆಲಸಕ್ಕೆ ಕೊನೆಗೆ ಕುತ್ತು ತಂದದ್ದು ಒಂದು ಡಬ್ಬಿ.

ಮಾಘ ಕಳೆದು ಬಿಸಿಲು ಏರತೊಡಗಿದ ಒಂದು ಭಾನುವಾರ. ಮೊದಲ ವಾರದ ಯಜಮಾನರು ವೃಷಭೇಂದ್ರಪ್ಪ, ದಾವಣಗೆರೆ ಕಡೆಯವರು, ವಿದ್ಯುತ್ ಇಲಾಖೆಯಲ್ಲಿದ್ದು ನಿವೃತ್ತರಾಗಿ ಬೆಂಗಳೂರಿನ ಮಗಳ ಮನೆಯಲ್ಲಿದ್ದವರು. ಯಾವಾಗಲೂ ಒಬ್ಬರೇ ಬರುವರು. ಅಳತೆಯ ಮನುಷ್ಯ, ಲೈಟು ಉರಿದರೆ ಆರಿಸಿ, ನಲ್ಲಿ ತೊಟ್ಟಿಕ್ಕಿದರೆ ಬಿಗಿಮಾಡಿ, ಅದನ್ನು ಆ್ಯಪ್‌ನಲ್ಲಿ ದೂರು ಬರೆದು ಕಳಿಸುವವರು. ಅಂದು ಮಂಡಿ ನೋವು ಜೋರಾಗಿ ಬೆಳಿಗ್ಗೆ ಏಳಕ್ಕೇ ಕಾರು ಕರೆಸಿಕೊಂಡು ಹೊರಟುಹೋಗಿದ್ದರು. ಬೊಮ್ಮಕ್ಕ ಅಡುಗೆಮನೆಗೆ ಹೋದಾಗ ಕಟ್ಟೆಯ ಮೇಲೆ ಒಂದು ಸ್ಟೀಲಿನ ಡಬ್ಬಿ. ಬಿಳಿ ಬಟ್ಟೆಯಲ್ಲಿ ಇಟ್ಟು ನಾಲ್ಕು ಮೂಲೆ ಸೇರಿಸಿ ಗಂಟು ಹಾಕಿತ್ತು. ಬಿಚ್ಚಿ ನೋಡಿದರೆ ಮುಚ್ಚಳದ ಮೇಲೆ ‘ಶಂಕರಲಿಂಗಪ್ಪ’ ಎಂದು ಹೆಸರು ಕೊರೆದಿದೆ, ಒಳಗೆ ಕಪ್ಪಗಿನ ಒಂದು ಚಟ್ನಿಪುಡಿ.

ಬೇರೆ ಯಾರಾದರೂ ಆಗಿದ್ದರೆ ‘ಮರೆತು ಹೋಗಿದ್ದಾರೆ’ ಎಂದುಕೊಳ್ಳುತ್ತಿದ್ದರು. ಬೊಮ್ಮಕ್ಕನಿಗೆ ಅದು ಹೊಳೆಯಲೇ ಇಲ್ಲ. ಅವಳ ಊರಿನಲ್ಲಿ ಯಾರೂ ತಮಗಾಗಿ ಪಾತ್ರೆಗೆ ಬಟ್ಟೆ ಕಟ್ಟುವುದಿಲ್ಲ. ಬಟ್ಟೆ ಕಟ್ಟಿ ಗಂಟು ಹಾಕಿದ ಪಾತ್ರೆ ಎಂದರೆ ಅದು ಇನ್ನೊಂದು ಮನೆಗೆ ಹೋಗಬೇಕಾದದ್ದು. ಮಗಳ ಮನೆಗೋ, ಪಕ್ಕದ ಮನೆಗೋ. ಈ ಮನೆಗೆ ಪಕ್ಕದ ಮನೆ ಇಲ್ಲ. ಹಾಗಾದರೆ ಮುಂದಿನ ವಾರದವರಿಗೆ. ಗದರುವ ಮುದುಕ ಒಳಗೊಳಗೆ ಒಳ್ಳೆಯವನು ಎಂದು ಅವಳಿಗೆ ಬಹಳ ಖುಷಿಯಾಯಿತು.

ಎರಡನೆಯ ವಾರದವರು ಬ್ಯಾಂಕಿನ ಕೆಲಸದ ಶ್ರೀಲತಾ ಮತ್ತು ಅವರ ತಾಯಿ. ಬೊಮ್ಮಕ್ಕ ಡಬ್ಬಿಯನ್ನು ಎರಡು ಕೈಯಲ್ಲಿ ಹಿಡಿದು ಕೊಟ್ಟಳು.

“ಹೋದ ವಾರದೋರು ನಿಮಗೆ ಅಂತ ಬುಟ್ಟೋಗವ್ರೆ.”

“ನಮಗಾ? ಯಾರವರು?” ಎಂದರು ಶ್ರೀಲತಾ.

“ಅದು ನಾನು ಹೇಳಂಗಿಲ್ಲ ಕಣಮ್ಮ.”

ತಾಯಿಗೆ ಯಾರು ಎಂಬುದು ಬೇಕಾಗಿರಲಿಲ್ಲ. ಚಿಟಿಕೆ ಬಾಯಿಗೆ ಹಾಕಿಕೊಂಡು ಕಣ್ಣುಮುಚ್ಚಿ, “ಅಗಸೆಬೀಜದ್ದು. ಉಪ್ಪು ಒಂದು ಚೂರು ಮುಂದು, ಆದರೆ ಹುರಿದಿರೋದು ನೋಡು, ಎಷ್ಟು ಹದವಾಗಿದೆ” ಎಂದರು. ವಾರ ಮುಗಿಯುವುದರೊಳಗೆ ಡಬ್ಬಿ ಖಾಲಿ. ತೊಳೆದು ಒರೆಸಿದ ಮೇಲೆ ಆ ತಾಯಿಯೇ ಕೇಳಿದರು: “ಬರಿ ಡಬ್ಬಿ ಹೇಗೆ ವಾಪಸ್ ಕೊಡೋದು ಬೊಮ್ಮಕ್ಕ?”

ಬರಿ ಪಾತ್ರೆ ತಿರುಗಿಸಿ ಕೊಡಬಾರದು, ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕೊಡಬೇಕು. ಇದು ಬೊಮ್ಮಕ್ಕನ ಊರಿನಲ್ಲೂ ಉಂಟು, ಆ ತಾಯಿಯ ಬಸವನಗುಡಿಯಲ್ಲೂ ಉಂಟು. ಅವರು ಕೋಡುಬಳೆ ತುಂಬಿದರು. ತಮ್ಮ ಫೋನ್ ನಂಬರನ್ನೂ ಬೊಮ್ಮಕ್ಕನಿಗೆ ಕೊಟ್ಟರು, ಆ ಪುಡಿ ಮಾಡುವ ಬಗೆ ಗೊತ್ತಾದರೆ ತಿಳಿಸು ಎಂದು. ಕೊಟ್ಟವರು ಬರಲು ಇನ್ನೂ ಆರು ವಾರ. ಅಷ್ಟು ದಿನ ಕೋಡುಬಳೆ ಮೆತ್ತಗಾಗುತ್ತದೆ. ಮೂರನೆಯ ವಾರದವರಿಗೆ ಕೊಟ್ಟರಾಯಿತು ಎಂದು ಬೊಮ್ಮಕ್ಕನೇ ತೀರ್ಮಾನಿಸಿದಳು.

ಮೂರನೆಯವನು ಯುವರಾಜ್, ಒಂಟಿ ಹುಡುಗ, ಜೊತೆಗೊಂದು ನಾಯಿ. ಕೋಡುಬಳೆಯನ್ನು ಇಬ್ಬರೂ ಸೇರಿ ಎರಡೇ ದಿನದಲ್ಲಿ ಮುಗಿಸಿದರು. ಬರಿ ಡಬ್ಬಿ ಕೊಡಬಾರದು ಎಂದಾಗ ಅವನು ಗಾಬರಿಯಾಗಿ, “ನಂಗೆ ಟೀ ಬಿಟ್ರೆ ಏನೂ ಮಾಡೋಕೆ ಬರಲ್ಲಕ್ಕ” ಎಂದು, ಬೈಕಿನಲ್ಲಿ ಕೊರಟಗೆರೆಗೆ ಹೋಗಿ ಚಾಕೊಲೇಟ್ ತಂದು ತುಂಬಿದ. ನಾಲ್ಕನೆಯದು ಶಿರಾ ಕಡೆಯಿಂದ ಬೆಂಗಳೂರಿಗೆ ಹೋದ ಒಬ್ಬ ಹಲ್ಲಿನ ಡಾಕ್ಟರ ಸಂಸಾರ. ಅದು ರಂಜಾನ್ ತಿಂಗಳು, ಅವರು ಖರ್ಜೂರ ಹಾಕಿದರು. ಐದನೆಯವರು ಹಿಂದೂಪುರದವರು, ಬಟ್ಟೆ ಅಂಗಡಿ ಇಟ್ಟವರು. ಖರ್ಜೂರ ತಿಂದು, ಗೋಂಗುರ ಉಪ್ಪಿನಕಾಯಿ ತುಂಬಿಕೊಟ್ಟರು. ಪ್ರತಿ ಭಾನುವಾರ ಡಬ್ಬಿ ಕಟ್ಟೆಯ ಮೇಲೆ ಹೊಸ ವಾಸನೆ ಬೀರುತ್ತ ಕೂತಿರುತ್ತಿತ್ತು. ಅದಕ್ಕಾಗಿಯೇ ಬೊಮ್ಮಕ್ಕ ಭಾನುವಾರವನ್ನು ಕಾಯತೊಡಗಿದ್ದಳು. ಇಪ್ಪತ್ತೆರಡು ಫೋಟೋದಲ್ಲಿ ಅಡುಗೆಮನೆಯದೂ ಒಂದು ಎಂಬುದು ಮರೆತೇಹೋಗಿತ್ತು.

ಆರನೆಯವರು ಗಂಡ ಹೆಂಡತಿ, ಇಬ್ಬರೂ ಮೆತ್ತಗೆ ಮಾತಾಡುವವರು. ಡಬ್ಬಿ ಕೊಟ್ಟಾಗ ಹೆಂಡತಿ ಎರಡು ಹೆಜ್ಜೆ ಹಿಂದೆ ಸರಿದು, “ಯಾರು ಮಾಡಿದ್ದು? ಯಾವಾಗ?” ಎಂದರು. ಮರುದಿನ ಕಸ ತೆಗೆಯಲು ಹೋಗಿ ನೋಡಿದರೆ ಉಪ್ಪಿನಕಾಯಿ ಕಸದ ಬುಟ್ಟಿಯಲ್ಲಿ, ಡಬ್ಬಿ ಖಾಲಿ. ಬೊಮ್ಮಕ್ಕ ಡಬ್ಬಿ ತೊಳೆದು ಒರೆಸಿಟ್ಟಳು. ಅವರು ಕೆಟ್ಟವರೇನಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಗುರುತಿಲ್ಲದವರ ಕೈ ಊಟ ಅವಳೂ ತಿನ್ನುತ್ತಿರಲಿಲ್ಲ. ಅವಳಿಗೆ ಗುರುತಿತ್ತು, ಅವರಿಗೆ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಮಂಗಳವಾರ ಓಬಳರಾಜು ಬಂದ. ಬೈಕು ನಿಲ್ಲಿಸಿ ನೀರೂ ಕೇಳಲಿಲ್ಲ.

“ಏಂದಕ್ಕಾ ಇದಿ, ಏನಿದು? ಡಬ್ಬಿ ಕದ್ದಿದ್ದೀಯ ಅಂತ ದೂರು ಬಂದೈತೆ.”

ಆಗಿದ್ದು ಇಷ್ಟು. ವೃಷಭೇಂದ್ರಪ್ಪನವರು ಮಂಡಿಗೆ ಆಪರೇಷನ್ ಮಾಡಿಸಿಕೊಂಡು ಒಂದು ತಿಂಗಳು ಮಲಗಿದ್ದು, ಎದ್ದ ಮೇಲೆ ಡಬ್ಬಿ ನೆನಪಾಗಿ, ‘ನನ್ನ ದೊಡ್ಡಪ್ಪ ತನ್ನ ಹೆಸರು ಕೊರೆಸಿ ನನ್ನ ಮದುವೆಗೆ ಉಡುಗೊರೆ ಕೊಟ್ಟ ಡಬ್ಬಿ ಆ ಮನೆಯಲ್ಲಿ ಕಾಣೆಯಾಗಿದೆ’ ಎಂದು ಆ್ಯಪ್‌ನಲ್ಲಿ ಬರೆದಿದ್ದರು. ಅದೇ ವಾರ ಆರನೆಯವರು ‘ಅಡುಗೆಮನೆಯಲ್ಲಿ ಗೊತ್ತಿಲ್ಲದ ಆಹಾರ ಇಟ್ಟಿದ್ದಾರೆ’ ಎಂದು ಬರೆದಿದ್ದರು. ಕಂಪನಿಯವರು ಹಳೆಯ ಫೋಟೋ ತೆಗೆದು ನೋಡಿದರೆ ಐದು ಭಾನುವಾರವೂ ಕಟ್ಟೆಯ ಮೇಲೆ ಆ ಡಬ್ಬಿ. ಪಾತ್ರೆಗಳ ನಡುವೆ ಇದ್ದದ್ದರಿಂದ ಆಗ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಬೊಮ್ಮಕ್ಕನಿಗೆ ಆಗ ತಿಳಿಯಿತು. ಕೊಡದೆ ಇದ್ದದ್ದನ್ನು ಕೊಟ್ಟರು ಎಂದು ತಾನು ಊರೆಲ್ಲ ಹಂಚಿಬಿಟ್ಟಿದ್ದಳು.

“ಬಟ್ಟೆ ಕಟ್ಟಿತ್ತು ಕಣಪ್ಪ.”

“ಬಟ್ಟೆ ಕಟ್ಟಿದ್ರೆ?”

“ಇನ್ನೊಬ್ಬರಿಗೆ ಅಂತ ಅಲ್ವಾ?”

ಓಬಳರಾಜು ಅವಳನ್ನೇ ನೋಡಿದ. ಅವನ ತಾಯಿಯೂ ಪಾವಗಡದಲ್ಲಿ ಹಾಗೆಯೇ ಕಟ್ಟುತ್ತಿದ್ದಳೋ ಏನೋ, ದನಿ ಸ್ವಲ್ಪ ಇಳಿಯಿತು. “ಇರುವೆ ಬರಬಾರದು ಅಂತ ಕಟ್ಟಿರ್ತಾರೆ ಅಕ್ಕ. ನನಗೆ ಅರ್ಥ ಆಗ್ತೈತೆ. ಕಂಪನಿಗೆ ಹೆಂಗೆ ಹೇಳಲಿ?”

ಕಂಪನಿ ತಾನಾಗಿ ಕೆಲಸದಿಂದ ತೆಗೆಯಲಿಲ್ಲ. ಅದನ್ನು ಎಂಟೂ ಯಜಮಾನರ ಫೋನಿಗೆ ಹಾಕಿತು: ಮನೆ ನೋಡಿಕೊಳ್ಳುವಾಕೆ ನಿಯಮ ಮೀರಿ ಒಬ್ಬರ ಆಹಾರ ಇನ್ನೊಬ್ಬರಿಗೆ ಹಂಚಿದ್ದಾರೆ, ಅವರನ್ನು ಬಿಡಿಸಿ, ಭಾನುವಾರ ಮಾತ್ರ ಮಧುಗಿರಿಯಿಂದ ವ್ಯಾನಿನಲ್ಲಿ ಬಂದು ಶುಚಿ ಮಾಡಿ ಹೋಗುವ ತಂಡವನ್ನು ನೇಮಿಸಬಹುದೇ? ಹೌದು, ಅಥವಾ ಬೇಡ. ಐದು ಹೌದು ಬಂದರೆ ಮುಗಿಯಿತು. ಮೂರು ವಾರದ ಗಡುವು. ಅದು ಮುಗಿಯುವುದು ಡಬ್ಬಿಯ ಯಜಮಾನರ ವಾರದ ಮಂಗಳವಾರ.

ಆ ದಿನಗಳಲ್ಲಿ ಅವಳಿಗೆ ಅನ್ನ ಸೇರಲಿಲ್ಲ. ಕೆಲಸ ಹೋದರೆ ಮತ್ತೆ ಐದೂವರೆಯ ವ್ಯಾನು, ಸೊಂಟ ಕೇಳಿದರೆ; ಇಲ್ಲವಾದರೆ ಜಗಲಿಯಲ್ಲಿ ಕೂತು ಹುಣಸೆಹಣ್ಣು ಬಿಡಿಸುವುದು. ಅದಕ್ಕಿಂತ ಹೆಚ್ಚಾಗಿ, ಎಂಟೂ ಜನ ಇನ್ನು ಹೇಗಿದ್ದಾರೆ ಎಂದು ತಿಳಿಯುವುದೇ ಇಲ್ಲವಲ್ಲ ಎಂಬ ಯೋಚನೆ. ಯಾರು ಏನು ಒತ್ತಿರಬಹುದು? ಖರ್ಜೂರದ ಡಾಕ್ಟರಮ್ಮ? ನಾಯಿಯ ಹುಡುಗ? ಯಾರ ಮನಸ್ಸು ಹೇಗೆ ಎಂದು ಇಷ್ಟು ದಿನ ಬಲ್ಲೆ ಅಂದುಕೊಂಡಿದ್ದವಳಿಗೆ ಈಗ ಒಂದೂ ಗೊತ್ತಿರಲಿಲ್ಲ.

ತಮಾಷೆ ನೋಡಿ, ಯಾರಿಗೂ ಗೊತ್ತಿರದಿದ್ದ ಡಬ್ಬಿಯ ಸುದ್ದಿ ಕಂಪನಿಯ ನೋಟಿಸಿನಿಂದ ಎಲ್ಲರಿಗೂ ಗೊತ್ತಾಯಿತು. ಏಳನೆಯ ವಾರಕ್ಕೆ ಬಂದ ಇಬ್ಬರು ಅಕ್ಕತಂಗಿಯರು, ನಿವೃತ್ತ ಮೇಷ್ಟ್ರಮ್ಮಂದಿರು, ಕಾರಿನಿಂದ ಇಳಿಯುತ್ತಲೇ “ಎಲ್ಲಿ ಆ ಡಬ್ಬಿ?” ಎಂದರು. ಖಾಲಿ ಡಬ್ಬಿಯನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. ಹೋಗುವಾಗ ಅಕ್ಕ ನಿಪ್ಪಟ್ಟು ತುಂಬಿ ಅದೇ ಬಟ್ಟೆಯಲ್ಲಿ ಗಂಟು ಹಾಕಿ, “ಇದು ಮರೆತದ್ದಲ್ಲ, ಕೊಟ್ಟದ್ದು. ಹಾಗಂತ ಹೇಳು” ಎಂದರು. ಎಂಟನೆಯ ವಾರ ಎಂದಿನಂತೆ ಯಾರೂ ಬರಲಿಲ್ಲ. ಫೋಟೋಗಳು ಬಂದು ಹೋದವು.

ಆಮೇಲಿನ ಭಾನುವಾರ ಹನ್ನೆರಡಕ್ಕೆ ಗೋಡೆಯಲ್ಲಿ ವೃಷಭೇಂದ್ರಪ್ಪನವರ ಮುಖ ಬಂತು. ಹನ್ನೆರಡೂಕಾಲಿಗೆ ಕೋಲೂರಿಕೊಂಡು ಅವರೂ ಬಂದರು. ಬೊಮ್ಮಕ್ಕ ಡಬ್ಬಿಯನ್ನು ಅವರ ಮುಂದೆ ಇಟ್ಟು ನಿಂತಳು.

“ನಿಮ್ಮ ಡಬ್ಬಿ ನಾನು ಕದೀನಿಲ್ಲ ಸ್ವಾಮಿ. ಬಟ್ಟೆ ಕಟ್ಟಿತ್ತು, ಕೊಟ್ಟವ್ರೆ ಅಂದ್ಕಂಡೆ. ತಪ್ಪಾಯ್ತು. ನಿಮ್ಮ ಪುಡಿ ಉಳಿದಿಲ್ಲ, ತಿಂದ್ಬುಟ್ರು.”

ಮುದುಕರು ಮುಚ್ಚಳದ ಮೇಲಿನ ಹೆಸರನ್ನು ಬೆರಳಿನಿಂದ ಸವರಿದರು. ಬಯ್ಯುತ್ತಾರೆ ಎಂದು ಅವಳು ಕಾದಳು.

“ಯಾರು ತಿಂದ್ರು?”

“ಹೆಸರು ನಾನು ಹೇಳಂಗಿಲ್ಲ ಸ್ವಾಮಿ.”

“ಹೆಸರು ಬೇಡವಾ. ಏನಂದ್ರು, ಅದನ್ನ ಹೇಳು.”

“ಉಪ್ಪು ಒಂದು ಚೂರು ಮುಂದು ಅಂದ್ರು. ಹುರಿದಿರಾದು ಬಾಳ ಹದವಾಗೈತೆ ಅಂದ್ರು. ವಾರದಾಗೆ ಡಬ್ಬಿ ತಳ ಕಾಣುಸ್ಬುಟ್ರು.”

ವೃಷಭೇಂದ್ರಪ್ಪ ಕುರ್ಚಿ ಎಳೆದುಕೊಂಡು ಕೂತರು. ಆ ಪುಡಿ ಅವರೇ ಹುರಿದು ಕುಟ್ಟಿದ್ದು. ನಿವೃತ್ತರಾದ ಮೇಲೆ ಕಲಿತದ್ದು. ಮಗಳ ಮನೆಯಲ್ಲಿ ಅದರ ವಾಸನೆಯೇ ಆಗದು ಎಂದು ಇಲ್ಲಿಗೆ ಬಂದು ಒಬ್ಬರೇ ಮಾಡಿಕೊಂಡು ಒಬ್ಬರೇ ತಿನ್ನುತ್ತಿದ್ದರಂತೆ. ಪಾಲು ಕೊಂಡದ್ದೇ ಒಂದು ಅಡುಗೆಮನೆ ಸಿಗಲಿ ಎಂದು. “ಉಪ್ಪು ಮುಂದು ಅಂದ್ರಾ?” ಎಂದು ಇನ್ನೊಂದು ಸಲ ಕೇಳಿ, ನಿಪ್ಪಟ್ಟು ಮುರಿದು ಬಾಯಿಗೆ ಹಾಕಿಕೊಂಡರು. ಇನ್ನೂ ಗರಿಯಾಗಿತ್ತು.

ಆಮೇಲೆ ಫೋನು ತೆಗೆದರು. ಬಹಳ ಹೊತ್ತು ಒತ್ತಿದರು, ಕನ್ನಡಕ ಒರೆಸಿ ಮತ್ತೆ ಒತ್ತಿದರು.

“ನೋಟಿಸು ಬಂದ ದಿನಾನೇ ನಾನು ಹೌದು ಅಂತ ಒತ್ತೀನಿ ಬೊಮ್ಮಕ್ಕ. ಸಿಟ್ಟಿನಾಗೆ. ಈಗ ಬದಲು ಮಾಡಾಕ ಬಿಡವಲ್ಲದು.”

ಕಂಪನಿಗೆ ಫೋನು ಮಾಡಿದರು. ಒತ್ತಿದ್ದನ್ನು ತಿದ್ದುವ ಸೌಲಭ್ಯ ಇಲ್ಲ ಸರ್ ಎಂದು ಒಬ್ಬ ಹುಡುಗಿ ನಯವಾಗಿ ಹೇಳಿದಳು. ನಲವತ್ತು ವರ್ಷ ಸ್ವಿಚ್ಚು ಹಾಕಿ ಆರಿಸಿದ ಮನುಷ್ಯ. ಹಾಕಿದ್ದನ್ನು ಆರಿಸಲು ಬಾರದ ಸ್ವಿಚ್ಚನ್ನು ಅವರು ಮೊದಲ ಸಲ ಕಂಡಿದ್ದು. ಬುಧವಾರ ಬೆಳಿಗ್ಗೆ ಫಲಿತಾಂಶ ಬಂತು: ಐದು ಹೌದು, ಮೂರು ಬೇಡ. ಐದರಲ್ಲಿ ಒಂದು ಅವರದು. ಒಮ್ಮೆಯೂ ಬಾರದ ಎಂಟನೆಯವರದೂ ಒಂದು ಇದ್ದಿರಬೇಕು ಎಂದು ಬೊಮ್ಮಕ್ಕನಿಗೆ ಅನ್ನಿಸಿತು. ಖಾತ್ರಿಯಾಗುವ ದಾರಿ ಇರಲಿಲ್ಲ.

ಓಬಳರಾಜು ಬಂದು ಕಂಪನಿಯ ಫೋನು ಇಸಿದುಕೊಂಡ. ಅವಳ ಎದುರಿಗೇ ಅವಳ ಆರು ಅಂಕಿ ಅಳಿಸಿದ. “ನಾ ಚೇತುಲ್ಲೋ ಏಮೀ ಲೇದಕ್ಕ, ನನ್ನ ಕೈಯಾಗೆ ಏನೂ ಇಲ್ಲ” ಎಂದು ನೆಲ ನೋಡುತ್ತ ಹೇಳಿದ. ಬೊಮ್ಮಕ್ಕ ಹಿತ್ತಲಿಗೆ ಹೋಗಿ ಕಲ್ಲಿನ ಹಿಂದಿನ ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಹುಣಸೆ ತೋಪು ದಾಟುವವರೆಗೂ ಅಳಲಿಲ್ಲ. ದಾಟಿದ ಮೇಲೆ ಅತ್ತಳು.

ಶುಕ್ರವಾರ ಅವಳ ಸ್ವಂತ ಸಣ್ಣ ಫೋನಿಗೆ ಒಂದು ಮೆಸೇಜು. ಬರಿ ಅಂಕಿಗಳು. ಅದರ ಹಿಂದೆಯೇ ವೃಷಭೇಂದ್ರಪ್ಪನವರ ಕರೆ.

“ನೋಡವಾ, ಈ ವಾರ ಮನಿ ನಂದು. ಹಂಗಂತ ಆ್ಯಪೇ ಹೇಳತೈತಿ. ನನ್ನ ವಾರದಾಗೆ ಆರು ಮಂದಿ ಅತಿಥಿ ಹೆಸರು ಸೇರಿಸಾಕ ನನಗೆ ಹಕ್ಕೈತಿ. ನಿನ್ನ ಹೆಸರು ಬರದೀನಿ. ನಾಳೆ ಊಟಕ್ಕ ಬಾ. ಬಾಗಿಲು ತೆಗಿಯೋ ನಂಬರು ಬಂತಿಲ್ಲೋ?”

ಎರಡು ವರ್ಷ ಆ ಮನೆಯನ್ನು ಒರೆಸಿದ ಬೊಮ್ಮಕ್ಕ ಅಲ್ಲಿ ಒಂದು ಲೋಟ ನೀರನ್ನೂ ಕೂತು ಕುಡಿದಿರಲಿಲ್ಲ. ಶನಿವಾರ ಹೋಗಿ ಮೇಜಿನ ತುದಿಯಲ್ಲಿ ಕೂತಳು. ಮುದುಕರು ಹೊಸದಾಗಿ ಅಗಸೆಪುಡಿ ಮಾಡಿದ್ದರು, ಉಪ್ಪು ಕಡಿಮೆ ಹಾಕಿ. ರೊಟ್ಟಿ, ಮೊಸರು, ಪುಡಿ. ಉಣ್ಣುತ್ತ ಉಣ್ಣುತ್ತ ಅವಳಿಗೆ ಒಂದು ವಿಷಯ ಹೊಳೆಯಿತು. ಕಂಪನಿ ಅವಳನ್ನು ಬಿಡಿಸಿದೆ. ಅಂದಮೇಲೆ ಕಂಪನಿಯ ನಿಯಮವೂ ಅವಳನ್ನು ಬಿಟ್ಟಿದೆ.

“ನಿಮ್ಮ ಪುಡಿ ತಿಂದೋರ ಹೆಸರು ಬೇಕಾ?” ಎಂದಳು.

ಎರಡು ವರ್ಷ ಕಟ್ಟಿಟ್ಟಿದ್ದ ಬಾಯಿ ಬಿಚ್ಚಿತು. ಶ್ರೀಲತಾ, ಅವರ ತಾಯಿ, ಯುವರಾಜನ ನಾಯಿ ಕೋಡುಬಳೆ ತಿಂದದ್ದು, ಖರ್ಜೂರ, ಗೋಂಗುರ, ಕಸದ ಬುಟ್ಟಿ, ಮೇಷ್ಟ್ರಮ್ಮಂದಿರು, ಬಾರದೆಯೇ ನಗುವ ಎಂಟನೆಯವರು. ವೃಷಭೇಂದ್ರಪ್ಪ ಕೈ ಒಣಗಿದರೂ ತೊಳೆಯಲು ಏಳದೆ ಕೇಳಿದರು. ನಡುನಡುವೆ “ಹೌದಾ?” “ಆಮೇಲೆ?” ಅಷ್ಟೇ. ತಮ್ಮ ಜೊತೆ ಇನ್ನೂ ಏಳು ಸಂಸಾರ ಈ ಮನೆಯಲ್ಲಿ ಉಂಡು ಮಲಗುತ್ತಿದೆ ಎಂಬುದು ಕಾಗದದಲ್ಲಿ ಗೊತ್ತಿತ್ತು, ಅವತ್ತು ನಂಬಿಕೆಗೆ ಬಂತು ಎಂದು ಆಮೇಲೆ ಹೇಳಿದರು. ಏಳುವಾಗ, “ಆ ತಾಯಿ ನಂಬರು ಐತೇನವಾ ನಿನ್ನ ಕಡೆ?” ಎಂದು ಕೇಳಿ ಬರೆದುಕೊಂಡರು. ಪುಡಿ ಮಾಡುವ ಬಗೆ ತಿಳಿಸಬೇಕಂತೆ.

ಭಾನುವಾರ ಬೆಳಿಗ್ಗೆ ಹೊರಡುವ ಮುಂಚೆ ಬಾಗಿಲಲ್ಲಿ ಡಬ್ಬಿಯನ್ನು ಅವಳ ಕೈಗಿಟ್ಟರು. ಬಟ್ಟೆ ಕಟ್ಟಿ, ಗಂಟು ಹಾಕಿ.

“ಎಲ್ಲಾರ ಮನಿಗೂ ಹೋಗಿ ಬಂತು, ನಿನ್ನ ಮನಿಗೆ ಹೋಗಲಿಲ್ಲ. ಈ ಸಲ ಮರ್ತು ಬಿಟ್ಟದ್ದಲ್ಲ ಮತ್ತ.”

ಬೊಮ್ಮಕ್ಕ ಡಬ್ಬಿಯನ್ನು ಎರಡು ಕೈಯಲ್ಲಿ ಇಸಿದುಕೊಂಡಳು. ಕಾರು ಹೋಯಿತು. ಮಧುಗಿರಿಯ ವ್ಯಾನು ಬಂತು, ನಾಲ್ಕು ಹೆಣ್ಣುಮಕ್ಕಳು ಇಳಿದು ನಲವತ್ತು ನಿಮಿಷದಲ್ಲಿ ಮನೆ ಒರೆಸಿ, ಫೋಟೋ ತೆಗೆದು, ಯಾರ ಮನೆ ಎಂದು ಕೇಳದೆ ಹೊರಟುಹೋದರು. ಅವಳು ಹುಣಸೆ ಮರದ ಕೆಳಗೆ ಡಬ್ಬಿ ಹಿಡಿದು ನಿಂತೇ ಇದ್ದಳು. ಹನ್ನೆರಡಾಯಿತು. ಕಿಟಕಿಯ ಗಾಜಿನೊಳಗೆ ಗೋಡೆಯ ಮೇಲಿನ ಮುದುಕರು ಅಳಿಸಿಹೋಗಿ, ಶ್ರೀಲತಾ ಮತ್ತು ಅವರ ತಾಯಿ ಬಂದು ಕೂತರು. ಸೆರಗಿನಲ್ಲಿದ್ದ ಸಣ್ಣ ಫೋನು ಗುಂಯ್ ಎಂದಿತು. ಬೇರೆ ಆರು ಅಂಕಿ. ಅದರ ಕೆಳಗೆ ಇಂಗ್ಲಿಷಿನಲ್ಲಿ ಎರಡು ಸಾಲು. ಅವಳಿಗೆ ಓದಲು ಬಂದದ್ದು ತನ್ನ ಹೆಸರು ಮಾತ್ರ.

ಆಗಲೇ ಒಳಗೆ ಹೋಗಬಹುದಿತ್ತು. ಹೋಗಲಿಲ್ಲ. ಅತಿಥಿ ಎಂದರೆ ಸಂಬಳವಿಲ್ಲ, ನಾಳೆಯಿಂದ ಜಗಲಿಯಲ್ಲಿ ಹುಣಸೆಹಣ್ಣು ಬಿಡಿಸುವುದು ತಪ್ಪಿದ್ದಲ್ಲ. ಅದು ಅವಳಿಗೆ ಗೊತ್ತಿತ್ತು. ಆದರೆ ಅತಿಥಿಯಾದವಳು ಬರಿಗೈಯಲ್ಲಿ ಹೋಗುವುದಾದರೂ ಹೇಗೆ? ಮನೆಗೆ ನಡೆದು, ಅಗಸೆಪುಡಿಯನ್ನು ಬೇರೆ ಪಾತ್ರೆಗೆ ಸುರಿದು, ಡಬ್ಬಿ ತೊಳೆದು ಬಿಸಿಲಿಗಿಟ್ಟಳು. ಹುಚ್ಚೆಳ್ಳು ಹುರಿದಳು. ಅಡವಯ್ಯ ವಾಸನೆಗೆ ಒಳಗೆ ಬಂದು, “ಯಾರಿಗೆ?” ಎಂದ. “ನಂಟರಿಗೆ” ಎಂದಳು.

ಸಂಜೆ ನಾಲ್ಕಕ್ಕೆ ಬಟ್ಟೆ ಕಟ್ಟಿದ ಡಬ್ಬಿ ಹಿಡಿದು ಹೋದಳು. ಕಾಲು ಅಭ್ಯಾಸದಂತೆ ಹಿತ್ತಲ ಕಡೆ ತಿರುಗಿತು. ತಿರುಗಿದ್ದನ್ನು ತಡೆದು ಮುಂಬಾಗಿಲಿಗೆ ಬಂದಳು. ಮೆಟ್ಟಿಲ ಮೇಲೆ ಶ್ರೀಲತಾರ ಬೂಟು, ಅವರ ತಾಯಿಯ ಮೆತ್ತನೆ ಚಪ್ಪಲಿ. ಅವುಗಳ ಪಕ್ಕ ತನ್ನ ಹವಾಯಿ ಚಪ್ಪಲಿಯನ್ನು ಜೋಡಿಸಿಟ್ಟು, ಒಂದೊಂದಾಗಿ ಆರು ಅಂಕಿ ಒತ್ತಿದಳು.